ಕಾಕಾ ಬಿಡದ ಅನ್ನ

ಕೈ ಮುಗಿದರೆ ಬಾಯಿ ಬಂದ್. ಗಾದೆ ಹೀಗಿಲ್ಲ ಎಂದು ನನಗೂ ಗೊತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಚಿಕ್ಕೋಡಿಯ ಕಾಲೇಜಿನಲ್ಲಿ ವರ್ಷಾ ವರ್ಷ ಪಾಠ ಮಾಡುವವನೇ ನಾನು. ಆದರೆ ನಮ್ಮ ಧರಣೇಂದ್ರ ಕಾಕಾನ ವಿಷಯದಲ್ಲಿ ಗಾದೆ ಹಾದಿ ಬಿಟ್ಟಿತು. ಒಂದು ಸಂಜೆ ಅವನು ತಾಟಿನ ಮುಂದೆ ಕೈ ಮುಗಿದ, ಅಷ್ಟಕ್ಕೇ ಅವನ ಬಾಯಿ ಮುಚ್ಚಿಸಲು ಊರೇ ಟೊಂಕ ಕಟ್ಟಿತು. ಹೇಳುವುದು ಖರೆ ಕಥೆ. ಹತ್ತು ಜನರ ದನಿಯಲ್ಲಿ ಮಾತಾಡುವವನನ್ನು ನಂಬುವವರು ಕಡಿಮೆ ಎಂದು ಬಲ್ಲೆ. ಹೆಸರು ಶೀತಲ, ಆದರೆ ನನ್ನಿಂದ ತಲೆ ಬಿಸಿಯಾದವರೇ ಹೆಚ್ಚು. ಆದರೂ ಇದೊಂದನ್ನು ನಂಬಿ.

ಕಾಕಾ ಎಂದರೆ ನಮ್ಮಪ್ಪನ ಕೊನೆಯ ತಮ್ಮ. ಕಾಗವಾಡದಿಂದ ಕೃಷ್ಣಾ ನದಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು, ಊರ ಹೊರಗೆ ಅವನ ದ್ರಾಕ್ಷಿ ತೋಟ. ೨೦೧೫ರ ಬೇಸಿಗೆಯಲ್ಲಿ ಹೊಟ್ಟೆನೋವು ಎಂದು ಮಿರಜಿಗೆ ಹೋದ. ಹೊಟ್ಟೆಯೊಳಗೆ ಗಂಟು, ಅದು ಕ್ಯಾನ್ಸರ್, ಅದಾಗಲೇ ಪಿತ್ತಜನಕಾಂಗದವರೆಗೆ ಹಬ್ಬಿದೆ ಎಂದು ತಿಳಿಯಿತು. ಕೊಯ್ಯಲು ಆಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ ಎಂದರು ಡಾಕ್ಟರು. ಮನೆಯವರೆಲ್ಲ ಅತ್ತರು. ಕಾಕಾ ಮಾತ್ರ 'ಕೇಳಿದ್ದು ಕೊಡಿ' ಎಂಬುದನ್ನು ಸರಕಾರಿ ಹುಕುಂ ಎಂಬಂತೆ ಹಿಡಿದುಕೊಂಡ. ಇವತ್ತು ಶೇಂಗಾ ಹೋಳಿಗೆ, ನಾಳೆ ಜೋಳದ ನುಚ್ಚು ಮಜ್ಜಿಗೆ, ನಾಡಿದ್ದು ಹೆಸರುಬೇಳೆಯ ಗಟ್ಟಿ ಪಲ್ಯ. ತಿನ್ನುವುದು ಗುಬ್ಬಿಯಷ್ಟು, ಕೇಳುವುದು ಗೌಡನಷ್ಟು. ಬೆರಳ ತುದಿಯಲ್ಲಿ ನೆಕ್ಕಿ, ಕಣ್ಣು ಮುಚ್ಚಿ, "ಉಪ್ಪ ಒಂದ ಚೂರ ಕಡಿಮಿ ಆಗೇತಿ" ಎನ್ನುವುದರಲ್ಲಿ ಅವನ ದಿನ ಹೋಗುತ್ತಿತ್ತು. ಅವನ ಹೆಂಡತಿ ರಾಜಮತಿ ಕಾಕೂ ಒಲೆ ಆರಿಸುತ್ತಲೇ ಇರಲಿಲ್ಲ.

ಕಾಕಾ ಈಗಿಲ್ಲ. ದೀಪಾವಳಿಗೆ ಮೊದಲೇ ಹೋದ, ಹೇಗೆ ಹೋಗಬೇಕೆಂದು ತಾನೇ ಹೇಳಿ ಹೋದ. ನನ್ನ ಕಥೆ ಅದರದಲ್ಲ. ಹೋಗಲು ಅವನಿಗಿನ್ನೂ ಮನಸ್ಸಿಲ್ಲದಿದ್ದಾಗ ಬೇರೆಯವರು ಅವನನ್ನು ಕಳಿಸಲು ನಿಂತ ದಿನಗಳದ್ದು.

ಆ ವರ್ಷದ ಆಗಸ್ಟಿನಲ್ಲಿ ರಾಜಸ್ಥಾನದ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ಕೊನೆಗಾಲದಲ್ಲಿ ಅನ್ನ ನೀರು ಬಿಟ್ಟು ದೇಹ ಇಳಿಸುವ ನಮ್ಮ ಜೈನರ ಸಲ್ಲೇಖನ ಆತ್ಮಹತ್ಯೆಯೇ, ಅದಕ್ಕೆ ನೆರವಾದವರೂ ಅಪರಾಧಿಗಳೇ ಎಂದಿತು. ಸುಪ್ರೀಂ ಕೋರ್ಟು ಅದನ್ನು ತಡೆಹಿಡಿದದ್ದು ತಿಂಗಳ ಕೊನೆಗೆ. ಆ ನಡುವೆ ದೇಶದ ತುಂಬ ಮೆರವಣಿಗೆಗಳಾದವು. ನಮ್ಮ ಕಡೆಯೂ ಕರಿಪಟ್ಟಿ ಕಟ್ಟಿಕೊಂಡು ಮೌನ ಮೆರವಣಿಗೆ ಹೊರಟಿತು. ಮೌನ ಮೆರವಣಿಗೆಯಲ್ಲಿ ಮಾತಾಡುತ್ತಿದ್ದವರು ಒಬ್ಬರೇ, ನಮ್ಮ ದೊಡ್ಡಪ್ಪ ಭಾವುಸಾಹೇಬರು.

ದೊಡ್ಡಪ್ಪ ಊರಿನ ಜೈನ ಸಮಾಜದ ಅಧ್ಯಕ್ಷರು. ಎಂಬತ್ತರ ಹತ್ತಿರವಿದ್ದರೂ ಹದಿನೈದು ದಿನಕ್ಕೊಮ್ಮೆ ತಲೆಗೆ ಕರಿ ಬಣ್ಣ. ತಂದೆ ತೀರಿದ ಮೇಲೆ ಕಾಕಾನನ್ನು ಸಾಕಿದವರು ಅವರೇ. ಸಾಕಿದ್ದನ್ನು ಕಾಕಾ ಮರೆಯಲಿಲ್ಲ, ಮರೆಯಲು ಅವರೂ ಬಿಡಲಿಲ್ಲ. ಅಣ್ಣ ನಿಂತಿದ್ದರೆ ಕಾಕಾ ಕೂತವನಲ್ಲ, ಅಣ್ಣ ತಪ್ಪು ಲೆಕ್ಕ ಹೇಳಿದರೂ ತಿದ್ದಿದವನಲ್ಲ. ಅರವತ್ತೈದು ವರ್ಷ ಅಣ್ಣನೆದುರು ಅವನು ಆಡಿದ ಮಾತೆಂದರೆ 'ಹೌದ್ರಿ ಅಣ್ಣಾ' ಒಂದೇ.

ಮೆರವಣಿಗೆ ಮುಗಿಸಿ ದೊಡ್ಡಪ್ಪ ತಮ್ಮನನ್ನು ನೋಡಲು ಬಂದರು. ಹಿಂದೆ ಮೂವತ್ತು ನಲವತ್ತು ಮಂದಿ, ಎಲ್ಲರ ತೋಳಿಗೂ ಕರಿಪಟ್ಟಿ. ಹೊತ್ತು ಮುಳುಗುವ ಮೊದಲಿನ ಊಟದ ಸಮಯ. ಕಾಕೂ ತಾಟಿನಲ್ಲಿ ಮೆತ್ತಗೆ ಬೆಂದ ಅನ್ನ, ಮೇಲೆ ತುಪ್ಪ ತಂದಿಟ್ಟಿದ್ದಳು. ಮೊದಲನೆಯ ತುತ್ತು ನಾನೇ ಉಣಿಸುತ್ತೇನೆ ಎಂದರು ದೊಡ್ಡಪ್ಪ. ಯಾರೋ ಮೊಬೈಲು ಹಿಡಿದರು. ದೊಡ್ಡಪ್ಪ ಟೊಪ್ಪಿಗೆ ತೆಗೆದು, ಫೋಟೋದಲ್ಲಿ ಮುಖ ಸರಿಯಾಗಿ ಬರಲೆಂದು ತಾಟಿನ ಮೇಲೆ ಪೂರ್ತಿ ಬಾಗಿದರು, ತುತ್ತು ಕೊಟ್ಟರು. ಕಾಕಾ ಅಗಿದ, ನಿಲ್ಲಿಸಿದ, ಬಾಯಿಂದ ಏನನ್ನೋ ಬೆರಳಲ್ಲಿ ಎಳೆದು ಹೊದಿಕೆಯ ಕೆಳಗೆ ಸೇರಿಸಿದ. ಆಮೇಲೆ ತಾಟಿಗೆ ಕೈ ಮುಗಿದು ಗೋಡೆಯ ಕಡೆ ತಿರುಗಿ ಮಲಗಿದ. ಏನಾಯಿತು ಎಂದು ಕೇಳಿದರೆ ಉತ್ತರವಿಲ್ಲ.

ಆಮೇಲೆ ದೊಡ್ಡಪ್ಪ ಎದ್ದು ನಿಂತು, ಹೊರಗಿದ್ದವರಿಗೂ ಕೇಳುವಂತೆ ಹೇಳಿದರು:

"ನೋಡಿದ್ರ್ಯಾ? ನನ್ನ ತಮ್ಮ ಅನ್ನ ಬಿಟ್ಟ. ಕೋರ್ಟಿಗೆ ಇದಕಿಂತ ಚಲೋ ಉತ್ತರ ಬೇಕೇನ್ರಿ?"

ಅಷ್ಟು ಸಾಕಾಯಿತು. ಜಯಘೋಷ ಎದ್ದಿತು. ಸಾಲುಗಟ್ಟಿ ಬಂದು ಮಂಚಕ್ಕೆ ಹಣೆ ಹಚ್ಚಿದರು. ನಾನು ಕಾಲೇಜಿನಿಂದ ಬಂದು ತಲುಪುವಷ್ಟರಲ್ಲಿ ಬಸದಿಯ ಮೈಕಿನಲ್ಲಿ ಸುದ್ದಿ ಮೂರು ಸಲ ಆಗಿತ್ತು, ವಾಟ್ಸಾಪಿನಲ್ಲಿ ಅದು ಸಾಂಗ್ಲಿ ಮುಟ್ಟಿತ್ತು.

ಮರುದಿನ ಬೆಳಿಗ್ಗೆ ಕಾಕಾ ನನ್ನನ್ನು ಹತ್ತಿರ ಕರೆದು ಬಾಗಿಲು ಮುಚ್ಚಿಸಿದ.

"ಕೂದಲಾ ಬಂದಿತ್ತೋ ಶೀತ್ಯಾ" ಎಂದ.

ಮುನಿಗಳು ಆಹಾರ ತೆಗೆದುಕೊಳ್ಳುವಾಗ ಅನ್ನದಲ್ಲಿ ಕೂದಲು ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ, ಆ ದಿನ ಮತ್ತೆ ಮುಟ್ಟುವುದಿಲ್ಲ. ಸಣ್ಣವನಿದ್ದಾಗಿನಿಂದ ಅವರಿಗೆ ಆಹಾರ ಕೊಟ್ಟು ಕೊಟ್ಟು ಕಾಕಾ ಆ ನಿಯಮವನ್ನು ತನಗೂ ಹಚ್ಚಿಕೊಂಡಿದ್ದ. ಕೂದಲು ಕಂಡರೆ ಕೈ ಮುಗಿಯುವುದು, ಮರುದಿನ ಬೆಳಗಿನ ತನಕ ಮಾತಿಲ್ಲ. ಕಾಕೂಗೆ ಗೊತ್ತಿದ್ದ ವಿಷಯವೇ. ಆದರೆ ಅವಳು ಆಗ ಅಡುಗೆಮನೆಯಲ್ಲಿದ್ದಳು.

"ಯಾರ ಕೂದಲಾ?"

"ಅರ್ಧಾ ಕರೀದು. ಬುಡದ ಕಡೆ ಬಿಳೇದು."

"ಅಂದ್ರ ದೊಡ್ಡಪ್ಪಂದು."

"ನಾ ಯಾರ ಹೆಸರೂ ತಗದಿಲ್ಲ" ಎಂದ ಕಾಕಾ. ಆಮೇಲೆ, "ಹಸಿವಿ ಆಗೇತಿ" ಎಂದ.

ಹಾಗಾದರೆ ಏಳು, ಉಣ್ಣು, ಯಾರು ಹಿಡಿದಿದ್ದಾರೆ ಎಂದೆ. ಅದು ಅಷ್ಟು ಸರಳವಿರಲಿಲ್ಲ. ಕೂದಲಿನ ಮಾತು ಆಡಿದರೆ ನಲವತ್ತು ಮಂದಿಯೆದುರು ಅಣ್ಣನ ತಲೆ ಬಗ್ಗಿಸಿದಂತೆ. ಕೂದಲು ಬಿಟ್ಟು ಬರೇ ಹಸಿವು ಎಂದರೆ ವ್ರತ ಮುರಿದ ಹೇಡಿ ಎಂದು ಊರು ಉಗುಳುತ್ತದೆ. ಇವೆರಡನ್ನೂ ಮೀರಿದ ಮೂರನೆಯ ಭಯ ಅವನನ್ನು ಹೆಚ್ಚು ಕಾಡುತ್ತಿತ್ತು. ತಾನು ಮನಸ್ಸಿನಲ್ಲಿ ವ್ರತ ತೆಗೆದುಕೊಂಡಿಲ್ಲ ನಿಜ. ಆದರೆ ಮಂದಿ ಕಾಲಿಗೆ ಬಿದ್ದಾಗ ಸುಮ್ಮನಿದ್ದನಲ್ಲ. ಸುಮ್ಮನಿದ್ದದ್ದೇ ಒಪ್ಪಿಗೆಯಾಯಿತೇ? ಸಾಯುವ ಹೊತ್ತಿನಲ್ಲಿ ವ್ರತ ಮುರಿದ ಪಾಪ ಕಟ್ಟಿಕೊಂಡು ಹೋಗಬೇಕೇ? ಇದನ್ನು ಹೇಳಬಲ್ಲವರು ತನ್ನ ಗುರುಗಳಾದ ಮುನಿ ಮಹಾರಾಜರೊಬ್ಬರೇ ಎಂದ. ಅಲ್ಲಿಯ ತನಕ ಕಾಕೂ ಹನಿಹನಿ ಬಿಸಿನೀರು ಕೊಡುತ್ತಿದ್ದಳು. ಅದನ್ನೂ ಸೆರಗಿನ ಮರೆಯಲ್ಲಿ.

ಮಧ್ಯಾಹ್ನಕ್ಕೆ ಫ್ಲೆಕ್ಸ್ ಬಂತು. ಬಾಗಿಲಿನಷ್ಟೇ ಎತ್ತರ. 'ಸಲ್ಲೇಖನಧಾರಿ ಧರಣೇಂದ್ರ' ಎಂದು ದೊಡ್ಡಕ್ಷರ, ಕೆಳಗೆ ಕಾಕಾನ ಮದುವೆಯ ಕಾಲದ ಫೋಟೋ, ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ದೊಡ್ಡಪ್ಪ ಕೈ ಮುಗಿದು ನಿಂತದ್ದು. ತಳದಲ್ಲಿ 'ಸಮಾಧಿ ದಿನಾಂಕ' ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದರು. ಕಾಕಾ ಮಲಗಿದಲ್ಲಿಂದಲೇ ಕಿಟಕಿಯಲ್ಲಿ ಅದನ್ನು ಓದಿದ. ಓದಿ, "ನನ್ನ ಫೋಟೋದಾಗ ಮೀಸಿ ಭಾಳ ಚಲೋ ಅದಾವು" ಎಂದ. ಮಂದಿ ಬರುತ್ತಲೇ ಇದ್ದರು. ಅಥಣಿಯಿಂದ, ರಾಯಬಾಗದಿಂದ, ನಿಪ್ಪಾಣಿಯಿಂದ. ಬಂದವರಿಗೆ ಅಂಗಳದಲ್ಲಿ ಚಹಾ, ಅವಲಕ್ಕಿ, ಶಿರಾ. ಶಿರಾದ ತುಪ್ಪದ ವಾಸನೆ ಮಂಚದ ತನಕ ಬರುತ್ತಿತ್ತು. ಅನ್ನ ಬಿಟ್ಟ ಎಂದು ಸಾರಲಾದವನ ಅಂಗಳದಲ್ಲಿ ಅನ್ನ ಬಿಡದವರ ಜಾತ್ರೆ. ಉಪವಾಸ ಒಬ್ಬನಿಗೆ, ಉಪದೇಶ ಉಳಿದವರಿಗೆ.

ಇಷ್ಟರಲ್ಲಿ ಇನ್ನೊಬ್ಬ ಬಂದ. ಕಾಕಾನ ಮಗ ಅಭಿನಂದನ, ಚಿಕ್ಕೋಡಿ ಕೋರ್ಟಿನಲ್ಲಿ ವಕೀಲ. ವಾದ ಚೆನ್ನಾಗಿ ಬರುತ್ತದೆ, ಸಂವಾದ ಬರುವುದಿಲ್ಲ. ಬಂದವನು ಅಪ್ಪನನ್ನು ಹೇಗಿದ್ದೀಯಾ ಎಂದು ಕೇಳಲಿಲ್ಲ, ಮಂಚದ ಆ ಬದಿಗೆ ನಿಂತಿದ್ದ ದೊಡ್ಡಪ್ಪನ ಮೇಲೆ ನೇರ ಏರಿ ಹೋದ. ಮಾತುಗಳು ಕಾಕಾನ ಮೈಮೇಲಿಂದ ಅತ್ತಿಂದಿತ್ತ ಹಾರತೊಡಗಿದವು.

"ಆತ್ಮಹತ್ಯಾಕ್ಕ ಕುಮ್ಮಕ್ಕು ಕೊಟ್ರ ಹತ್ತ ವರ್ಷ ಒಳಗ ದೊಡ್ಡಪ್ಪ. ನಾ ಫಿರ್ಯಾದಿ ಕೊಡಾಂವ. ನೀವ ಮದಲನೇ ಆರೋಪಿ."

"ಕೊಡು. ನಿಮ್ಮಪ್ಪನ ಪುಣ್ಯಾದ ಕೆಲಸಕ್ಕ ಪೊಲೀಸರನ್ನ ಕರಕೊಂಡ ಬಾ. ಹಿಡಕೊಂಡ ಹೋಗೂ ಮುಂದ ಪೇಪರನಾಂವ್ರಿಗೂ ಹೇಳು."

"ಇದೇನ ಪುಣ್ಯಾ? ಹಸದ ಸಾಯಸೂದು? ಹೊರದೇಶದಾಗ ಇಂಥಾ ಬ್ಯಾನಿ ಬಂದಾಂವಗ ಡಾಕ್ಟರ ಒಂದ ಸೂಜಿ ಮಾಡಿ ತ್ರಾಸಿಲ್ಲದ ಕಳಸ್ತಾರ. ಅಂಥಾ ಕಾನೂನ ಬೇಕ ಇಲ್ಲೆ."

"ಸೂಜಿ ಮಾಡಿ ಕಳಸಾಕ ನನ್ನ ತಮ್ಮೇನ ಹುಚ್ಚನಾಯಿ ಏನಲೇ?"

"ಹುಚ್ಚನಾಯಿಗಾದ್ರೂ ಒಂದ ಸೂಜಿ ಸಿಗತೈತಿ. ನಿಮ್ಮ ತಮ್ಮಗ ಬರೇ ಫ್ಲೆಕ್ಸ್."

ನೋಡಲು ಬಂದವರಲ್ಲಿ ಅರ್ಧ ಮಂದಿ ದೊಡ್ಡಪ್ಪನ ಕಡೆ, ಉಳಿದವರಲ್ಲಿ ಕೆಲವರು ವಕೀಲನ ಕಡೆ. ಸಾಯುವ ಹಕ್ಕು ಬೇಕು ಎಂದ ಒಬ್ಬ. ಹಕ್ಕಾದ ಮೇಲೆ ಮನೆಯವರು ಅದನ್ನೇ ಕೆಲಸ ಮಾಡಿಕೊಳ್ಳುತ್ತಾರೆ ಎಂದ ಇನ್ನೊಬ್ಬ. ಧರ್ಮದಲ್ಲಿ ಕೋರ್ಟಿಗೇನು ಕೆಲಸ ಎಂದ ಮತ್ತೊಬ್ಬ, ಶಿರಾ ಅಗಿಯುತ್ತ. ಅಭಿನಂದನನ ಲೆಕ್ಕ ಬೇರೆಯೇ ಇತ್ತು. ಕರ್ನಾಟಕದಲ್ಲಿ ಇಂಥ ಮೊದಲ ಕೇಸು ತನ್ನ ಕೈಯಿಂದಲೇ ಆದರೆ ಹೆಸರು ದಿಲ್ಲಿ ಮುಟ್ಟುತ್ತದೆ ಎಂದು ಜೊತೆಗೆ ಬಂದಿದ್ದ ಗೆಳೆಯನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ತೀರ್ಪು ಎಲ್ಲರ ಬಾಯಲ್ಲೂ ಇತ್ತು, ತೀರಬೇಕಾದವನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ನನಗೆ ಅನುಕರಣೆ ಬರುತ್ತದೆ ಎಂದು ಆಡಿಕೊಳ್ಳುವ ಈ ಜನಕ್ಕೆ ಅಂತಃಕರಣ ಎಂಬುದು ಬರಲೇ ಇಲ್ಲವಲ್ಲ ಎಂದು ಮೈ ಉರಿಯಿತು.

ಹೆಂಗಸರು ಗಂಡನ ಅಣ್ಣನ ಜೊತೆ ಮುಖಕ್ಕೆ ಮುಖ ಕೊಟ್ಟು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಕಾಕೂ ಹಿತ್ತಲಿನ ಗೋಠಾಕ್ಕೆ ಹೋಗಿ ಎಮ್ಮೆಗೆ ಮೇವು ಹಾಕುತ್ತ, ಒಳಗಿದ್ದವರಿಗೆ ಕೇಳಲೆಂದೇ ದನಿ ಎತ್ತಿ ಅದರ ಜೊತೆ ಮಾತಾಡುತ್ತಿದ್ದಳು: "ಉಣ್ಣ ನನ್ನವ್ವಾ, ಉಣ್ಣು. ನೀ ಪುಣ್ಯವಂತಿ. ನಿನಗ ಅಣ್ಣಾನೂ ಇಲ್ಲ, ವಕೀಲ ಮಗಾನೂ ಇಲ್ಲ."

ಆ ದಿನವೇ ನಾನು ಮೋಟರ್ ಸೈಕಲ್ ಹತ್ತಿ ಮಹಾರಾಜರ ಹತ್ತಿರ ಹೋದೆ. ಚಾತುರ್ಮಾಸಕ್ಕೆಂದು ಅವರು ನದಿಯಾಚೆಯ ಊರಿನ ಬಸದಿಯಲ್ಲಿದ್ದರು. ಮಳೆಗಾಲ ಮುಗಿಯುವ ತನಕ ಮುನಿಗಳು ಊರು ಬಿಟ್ಟು ಹೋಗುವಂತಿಲ್ಲ. ಕಾಕಾನನ್ನು ಎತ್ತಿಕೊಂಡು ಹೋಗುವ ಸ್ಥಿತಿಯೂ ಇರಲಿಲ್ಲ. ಕೂದಲಿನಿಂದ ಹಿಡಿದು ಫ್ಲೆಕ್ಸಿನ ತನಕ ಎಲ್ಲ ಹೇಳಿದೆ. ಹಣ್ಣಾದ ಜೀವ, ನಿಧಾನದ ಮಾತು. ಒಂದೊಂದು ಮಾತಾದ ಮೇಲೂ ಮರಾಠಿಯಲ್ಲಿ 'ಸಮಝಲಾ ಕಾ?', ತಿಳಿಯಿತೇ ಎಂದು ಕೇಳುವ ರೂಢಿ.

"ಯಾರು ಕೊಟ್ಟರು ವ್ರತ?" ಎಂದರು. "ಕೇಳದವನಿಗೆ ವ್ರತ ಇಲ್ಲ. ಸಮಝಲಾ ಕಾ? ಸಲ್ಲೇಖನ ಅಂದರೆ ಬೇರೆಯವರು ತಂದು ಕೊರಳಿಗೆ ಹಾಕುವ ಹಾರ ಅಲ್ಲ. ಹಸಿವಾದರೆ ಉಣ್ಣಲಿ. ದೇಹ ಸಾಕು ಅಂದ ದಿನ ಅವನೇ ಹೇಳಿಕಳಿಸಲಿ. ಸಮಝಲಾ ಕಾ?"

ಅವರ ಸೇವೆಗಿದ್ದವರಲ್ಲಿ ಒಬ್ಬರಾದರೂ ಬಂದು ಇಷ್ಟು ಮಾತು ಹೇಳಿ ಎಂದು ಬೇಡಿದೆ. ನಿಮ್ಮೂರ ಸಮಾಜದ ಅಧ್ಯಕ್ಷರು ಕರೆದರೆ ಬರುತ್ತೇವೆ ಎಂದರು. ಅಧ್ಯಕ್ಷರು ಯಾರೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಓಡೋಡಿ ಬಂದು ತುಂಬಿದ ಕೋಣೆಯಲ್ಲಿ ಮಹಾರಾಜರ ಮಾತು ಹೇಳಿದೆ. ಉತ್ಸಾಹದಲ್ಲಿ 'ಸಮಝಲಾ ಕಾ' ಎಂಬುದನ್ನು ಅವರಂತೆಯೇ ಹೇಳಿಬಿಟ್ಟೆ. ಅದೇ ಮುಳುವಾಯಿತು. ದೊಡ್ಡಪ್ಪ ನಕ್ಕರು. ಮಂದಿಯ ಕಡೆ ತಿರುಗಿ, ಇವನು ಹೋದ ವರ್ಷದ ಕಾಲೇಜು ಗ್ಯಾದರಿಂಗಿನಲ್ಲಿ ಶಾಸಕರ ದನಿ ತೆಗೆದವನು, ಕಂಡಕ್ಟರನ ದನಿ ತೆಗೆದವನು, ನನ್ನ ಕೆಮ್ಮು ಕೂಡ ಕೆಮ್ಮಿದವನು, ಇವನ ಬಾಯಿಂದ ಮಹಾರಾಜರು ಬಂದರೆ ನಂಬುವುದು ಹೇಗೆ ಎಂದರು. ಎಲ್ಲರೂ ನಕ್ಕರು. ವಕೀಲನೂ ನಕ್ಕ. ಪೆಟ್ಟು ಬಿದ್ದದ್ದು ಅದಕ್ಕಲ್ಲ. ಕಾಕಾ ನನ್ನ ಕೈ ಹಿಡಿದು ಮೆಲ್ಲಗೆ, "ನನ್ನ ಮ್ಯಾಲ ನಿನಗ ಜೀವ ಐತಿ ಶೀತ್ಯಾ. ಅದಕ್ಕಾ ನಂಬಾಕ ಆಗವಲ್ದು" ಎಂದ. ನಾನು ಉಣಿಸಲೆಂದು ಸುಳ್ಳು ಕಟ್ಟಿ ತಂದಿದ್ದೇನೆ ಎಂದೇ ಅವನ ಎಣಿಕೆ.

ಮರುದಿನ ಕಾಕಾನ ಕಣ್ಣು ಇನ್ನಷ್ಟು ಒಳಗೆ ಹೋಗಿತ್ತು. ತುಟಿ ಬಿರಿದಿತ್ತು. ಹೊರಗೆ ಶಿರಾದ ಎರಡನೆಯ ಕಡಾಯಿ ಏರಿತ್ತು. ಸಂಜೆಯ ಹೊತ್ತಿಗೆ ಕಾಕೂ ನನ್ನನ್ನು ಗೋಠಾದ ಹಿಂದೆ ಕರೆದಳು.

"ನಿನ್ನ ಬಾಯಾಗಿಂದ ಬಂದ್ರ ನಂಬೂದಿಲ್ಲ. ಅವರ ಧ್ವನ್ಯಾಗಾ ಬಂದ್ರ?"

ಏನು ಹೇಳುತ್ತಿದ್ದಾಳೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಮಂತ್ರಿಯಿಂದ ಹಿಡಿದು ಮಿರಜ ಬಸ್ಸಿನ ಕಂಡಕ್ಟರನ ತನಕ ಯಾರ ದನಿಯನ್ನೂ ಬಿಟ್ಟವನಲ್ಲ ನಾನು. ಆದರೆ ಮುನಿಗಳ ದನಿ?

"ಪಾಪ ಬರತೈತಿ ಕಾಕೂ."

"ಮಾತು ಅವರಾ ಆಡಿದ್ದು ಹೌದೋ ಅಲ್ಲೋ?"

"ಹೌದು."

"ಹಂಗಾರ ಬರೂದ ಅರ್ಧಾ ಪಾಪ. ಅದನ್ನೂ ನನ್ನ ಹೆಸರಿಗೆ ಹಚ್ಚು" ಎಂದಳು ಕಾಕೂ.

ಬಂದ ಮಂದಿ ಸಂಜೆಯ ಊಟಕ್ಕೆ ಎದ್ದು ಹೋಗುವುದನ್ನು ಕಾದೆವು. ಹೊತ್ತು ಮುಳುಗುವ ಮೊದಲೇ ಉಂಡು ಕೈ ತೊಳೆಯುವವರು ಅವರೆಲ್ಲ. ಅಂಗಳ ಖಾಲಿಯಾಯಿತು. ಮನೆಯಲ್ಲಿ ಕಾಕಾ ಕಾಕೂ ಇಬ್ಬರೇ ಉಳಿಯುತ್ತಾರೆಂಬುದು ಲೆಕ್ಕ. ನಾನು ಗೋಠಾದಲ್ಲಿ ಕೂತು, ಗೆಳೆಯನಿಂದ ಕೇಳಿ ತಂದ ಸಿಮ್ಮಿನಿಂದ ಕಾಕೂನ ಮೊಬೈಲಿಗೆ ಫೋನು ಹಚ್ಚಿದೆ. ಮೊದಲು ಸೇವೆಯವರ ದನಿಯಲ್ಲಿ, ಮಹಾರಾಜರು ಧರಣೇಂದ್ರರ ಜೊತೆ ಎರಡು ಮಾತಾಡುತ್ತಾರೆ, ಫೋನು ನಾನು ಹಿಡಿದಿರುತ್ತೇನೆ ಎಂದೆ, ಮುನಿಗಳು ಫೋನು ಮುಟ್ಟುವುದಿಲ್ಲವಲ್ಲ. ಕಾಕೂ ಸ್ಪೀಕರ್ ಒತ್ತಿ ಮಂಚದ ಮೇಲಿಟ್ಟಳು. ಅದೇ ಹೊತ್ತಿಗೆ ಫೋನಿನಲ್ಲಿ ನನಗೊಂದು ಕೆಮ್ಮು ಕೇಳಿತು. ದೊಡ್ಡಪ್ಪ ಊಟ ಮುಗಿಸಿ ಬಂದುಬಿಟ್ಟಿದ್ದರು. ಹಿಂದೆಯೇ ಅಭಿನಂದನನ ದನಿ. ಇಬ್ಬರೂ ಅರ್ಧಕ್ಕೆ ನಿಂತ ಜಗಳ ಮುಂದುವರಿಸಲು ಬಂದಿದ್ದರು. ಇನ್ನು ಬಿಡುವಂತಿರಲಿಲ್ಲ.

"ನಮೋಸ್ತು ಮಹಾರಾಜರ" ಎಂದ ಕಾಕಾ.

"ನಮೋಸ್ತು, ನಮೋಸ್ತು" ಎಂದರು ದೊಡ್ಡಪ್ಪ. ಅವರು ಮೊಣಕಾಲೂರಿ ನೆಲಕ್ಕೆ ಕೂತ ಸದ್ದು ನನಗೆ ಕೇಳಿತು. ಆಮೇಲೆ ಕಾಕೂ ಹೇಳಿದ್ದು, ಅವರು ಮೊಬೈಲಿಗೆ ಹಣೆ ಹಚ್ಚಿದರಂತೆ.

ಕಣ್ಣು ಮುಚ್ಚಿ ಮಹಾರಾಜರ ನಿಧಾನ ತಂದುಕೊಂಡು ಹೇಳಿದೆ. ಕೇಳದವನಿಗೆ ವ್ರತ ಇಲ್ಲ. ಬೇರೆಯವರು ಹಾಕುವ ಹಾರ ಅಲ್ಲ. ಹಸಿವಾದರೆ ಉಣ್ಣಲಿ. ಒಂದು ಮಾತೂ ಸೇರಿಸಲಿಲ್ಲ, ಒಂದೂ ಬಿಡಲಿಲ್ಲ.

"ಮಹಾರಾಜರ," ಎಂದ ಕಾಕಾ, "ನಮ್ಮಣ್ಣ ಇಲ್ಲೇ ಅದಾರ್ರಿ. ಅವರಿಗೂ ಒಂದ ಮಾತ ಹೇಳ್ರಿ. ತಮ್ಮ ಹಸದೇನಿ ಅಂದ್ರ ಅಣ್ಣಗ ಅಪಮಾನ ಆಕ್ಕೈತೇನ್ರಿ?"

ಇದು ನಾನು ಕಲಿತು ತಂದ ಪಾಠದಲ್ಲಿರಲಿಲ್ಲ. ಆದರೂ, "ಹಸಿವು ಅಪಮಾನ ಅಲ್ಲ. ಸಮಝಲಾ ಕಾ?" ಎಂದೆ.

"ಸಮಜ್ಯಾತ್ರಿ, ತಪ್ಪಾತ್ರಿ ಮಹಾರಾಜರ" ಎಂದರು ದೊಡ್ಡಪ್ಪ. ಅವರ ದನಿ ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಎಂದೋ ಕಲಿತಿರುತ್ತಿದ್ದೆ. "ಫ್ಲೆಕ್ಸ್ ಈಗಾ ತಗಸ್ತೇನ್ರಿ."

"ಮತ್ತ ನನ್ನ ಮಗ ಸೂಜಿ ಕಾನೂನ ತರತೇನಂತಾನ್ರಿ."

"ಕೇಳದವನಿಗೆ ಸೂಜಿನೂ ಇಲ್ಲ" ಎಂದೆ. ಇಷ್ಟಕ್ಕೇ ಮುಗಿಸಿ ಆಶೀರ್ವಾದ ಹೇಳಲು ಬಾಯಿ ತೆರೆದೆ.

"ಇನ್ನೊಂದ ಐತ್ರಿ ಮಹಾರಾಜರ" ಎಂದ ಕಾಕಾ, ಬಹಳ ವಿನಯದಿಂದ. "ಹೊತ್ತ ಮುಳಗೇತಿ ಹೌದಲ್ರಿ?"

"ಹೌದು."

"ಹೊತ್ತ ಮುಳಗಿದ ಮ್ಯಾಲ ನಾಳೆ ಬೆಳಗಾಗೂತನಾ ತಾವು ಮೌನ ಇರತೀರಿ. ನಾ ಚಡ್ಡಿ ಹಾಕೂ ಕಾಲದಿಂದ ನೋಡೀನಿ. ಇವತ್ತ ಹೆಂಗ ಬಾಯಿ ಬಿಟ್ರಿ?"

ಗೋಠಾದ ಬಾಗಿಲಲ್ಲಿ ನೋಡಿದೆ. ಪಶ್ಚಿಮಕ್ಕೆ ಒಂದಿಷ್ಟು ಕೆಂಪು, ಸೂರ್ಯ ಎಲ್ಲೂ ಇಲ್ಲ. ಜೈನರ ಮನೆಯಲ್ಲಿ ಹುಟ್ಟಿ, ಜೈನ ಮುನಿಗಳ ದನಿ ಕದ್ದು, ಅವರು ಸಂಜೆಗೆ ಮೌನ ಹಿಡಿಯುತ್ತಾರೆಂಬುದನ್ನೇ ಮರೆತಿದ್ದೆ. ಮಂದಿ ಉಣ್ಣಲು ಹೋಗಲಿ ಎಂದು ಕಾದದ್ದೇ ನನಗೆ ಉರುಳಾಯಿತು. ಫೋನು ಜೇಬಿಗೆ ಹಾಕಿ ಒಳಗೆ ನಡೆದೆ. ಇನ್ನು ಓಡಿ ಹೋಗುವುದಾದರೂ ಎಲ್ಲಿಗೆ?

ದೊಡ್ಡಪ್ಪ ಆಗಲೇ ಎದ್ದು ನಿಂತಿದ್ದರು. ಮೊಣಕಾಲಿಗೆ ಧೂಳು ಹಾಗೇ ಇತ್ತು. ನಾನು ಧರ್ಮಕ್ಕೇ ಮಸಿ ಬಳಿದೆ ಎಂದರು, ಜಾತಿಯಿಂದ ಹೊರಗೆ ಹಾಕಿಸುತ್ತೇನೆ ಎಂದರು, ಇಂಥ ಖೋಟಾ ಮಾತಿಗೆ ವ್ರತ ಮುರಿಯಬೇಕಿಲ್ಲ, ಮುರಿಯಕೂಡದು ಎಂದರು. ಅಭಿನಂದನ ಬೇರೆ ಕಾಯಿದೆ ತೆಗೆದ. ಇನ್ನೊಬ್ಬರ ಸೋಗು ಹಾಕಿ ಮೋಸ ಮಾಡುವುದಕ್ಕೂ ಸೆಕ್ಷನ್ ಇದೆಯಂತೆ. ಎರಡು ದಿನದಿಂದ ಕಚ್ಚಾಡುತ್ತಿದ್ದ ಇಬ್ಬರೂ ನನ್ನ ಮೇಲೆ ಒಂದಾದರು.

"ಅಣ್ಣಾ, ಕುಂದರ್ರಿ" ಎಂದ ಕಾಕಾ.

ದೊಡ್ಡಪ್ಪ ಕೂರಲಿಲ್ಲ, ಆದರೆ ಬಾಯಿ ನಿಂತಿತು. ತಮ್ಮ ತಮಗೆ ಕೂತುಕೋ ಎಂದದ್ದು ಅವರ ಆಯುಷ್ಯದಲ್ಲಿ ಅದೇ ಮೊದಲು.

"ಧ್ವನಿ ಖೋಟಾ ಐತಿ. ಹಸಿವಿ ಖರೆ ಐತಿ. ನಾ ಅನ್ನ ಬಿಟ್ಟಿಲ್ರಿ ಅಣ್ಣಾ. ಬಿಡಾಂವಾ ಅದೀನಿ, ಬಿಡೂ ದಿನಾ ನನಗ ತಿಳೀತೈತಿ. ಅವತ್ತ ಕೋರ್ಟ ಬ್ಯಾಡ ಅಂದ್ರೂ ಬಿಡ್ತೇನಿ, ನನ್ನ ಮಗ ಪೊಲೀಸರನ್ನ ತಂದ ನಿಲ್ಲಿಸಿದ್ರೂ ಬಿಡ್ತೇನಿ. ಆದ್ರ ನೀವು ಬಿಡು ಅಂದ್ರ ಬಿಡಾಂವ ಅಲ್ಲ." ಉಸಿರು ತೆಗೆದುಕೊಂಡು ಮಗನ ಕಡೆ ನೋಡಿದ. "ಮತ್ತ ನಿನ್ನ ಸೂಜಿನೂ ಬ್ಯಾಡ. ಬೇಕಾದ್ರ ನಾ ಕೇಳ್ತೇನಿ. ಇಷ್ಟ ದಿನಾ ಆತು, ಅಪ್ಪಾ ನಿನಗ ಏನ ಬೇಕು ಅಂತ ಒಂದ ಸಲ ಕೇಳಿದಿ ಏನು?"

ಅಭಿನಂದನನಿಗೆ ಯಾವ ಸೆಕ್ಷನ್ನೂ ನೆನಪಾಗಲಿಲ್ಲವೆಂದು ಕಾಣುತ್ತದೆ. ಕೊನೆಗೆ, "ಏನ ಬೇಕಪ್ಪಾ?" ಎಂದ.

"ನುಚ್ಚು. ತೆಳ್ಳಗ. ಮಜ್ಜಿಗಿ ಹಾಕಿ."

"ಹೊತ್ತ ಮುಳಗೇತಿ," ಎಂದಳು ಕಾಕೂ ಸೆರಗಿನೊಳಗಿಂದ, ಅಳುತ್ತ. "ಈಗ ಹೆಂಗ ಕೊಡ್ಲಿ?"

"ಮುಳಗ್ಲಿ. ನಾಳೆ ಹುಟ್ಟತೈತಿ. ಅಲ್ಲೀತನಾ ಇರ್ತೇನಿ."

ದೊಡ್ಡಪ್ಪನಿಗೆ ಇನ್ನೂ ಒಂದು ದಾರಿ ಉಳಿದಿತ್ತು. ಮೊದಲಿನಿಂದಲೂ ಕಳ್ಳದನಿ ಎಂದು ಗೊತ್ತಿದ್ದರೆ ನಮೋಸ್ತು ಯಾಕೆ ಹೇಳಿದೆ, ನಕಲು ಮಾಡುವ ಈ ಭಾಂಡನ ಮಾತು ಯಾಕೆ ನಂಬಿದೆ ಎಂದು ತಮ್ಮನನ್ನು ಗದರಿದರು.

"ಅದಕ್ಕಾ ನಂಬಿದ್ನಿ," ಎಂದ ಕಾಕಾ. "ಧ್ವನಿ ಶೀತ್ಯಾಂದು ಅಂತ ಗೊತ್ತಾತು. ಮಾತ ಮಾತ್ರ ಅವಂದಲ್ಲ, ನಿನ್ನಿ ಹೇಳಿದ್ದಾ ಇವತ್ತೂ ಒಂದ ಅಕ್ಷರಾ ಬದಲಿಲ್ಲದ ಬಂತು. ಅಷ್ಟ ಶಾಣ್ಯಾ ಮಾತ ಅವನ ತಲ್ಯಾಗ ಹುಟ್ಟೂದು ಸಾಧ್ಯ ಇಲ್ಲ. ಅಂದ್ರ ಖರೇನ ಮಹಾರಾಜರ ಕಡೆ ಹೋಗಿ ಬಂದಾನ."

ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೈಗುಳ ಎಂದುಕೊಳ್ಳಬೇಕೋ ತಿಳಿಯದೆ ನಿಂತೆ. ದೊಡ್ಡಪ್ಪ ಟೊಪ್ಪಿಗೆ ಹಾಕಿಕೊಂಡು, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಹೊರಟರು. ಚಪ್ಪಲಿ ಕಾಲಿಗೆ ಸಿಗದೆ ಹೊಸ್ತಿಲಲ್ಲೇ ತಡವರಿಸುತ್ತಿದ್ದರು.

ಕಾಕಾ ನನ್ನನ್ನು ಹತ್ತಿರ ಕರೆದ. ಕಣ್ಣು ಗುಂಡಿಯೊಳಗಿದ್ದವು, ಆದರೆ ಅವುಗಳೊಳಗೆ ಏನೋ ಹೊತ್ತಿಕೊಂಡಿತ್ತು.

"ಶೀತ್ಯಾ, ಅಣ್ಣ 'ತಪ್ಪಾತ್ರಿ ಮಹಾರಾಜರ' ಅಂದ್ರಲ್ಲ. ಅದನ್ನೊಮ್ಮಿ ಅನ್ನು."

ಬೇಡ ಕಾಕಾ ಎಂದೆ, ಇನ್ನೂ ಬಾಗಿಲಲ್ಲಿದ್ದಾರೆ.

"ಇರ್ಲಿ. ಅನ್ನು."

ಮೊಣಕಾಲೂರಿ ಕೂತೆ. ಮಂಚದ ಮೇಲಿದ್ದ ಮೊಬೈಲಿಗೆ ಹಣೆ ಹಚ್ಚಿದೆ. ದೊಡ್ಡಪ್ಪನ ದನಿಯನ್ನು ಇಲಿಯಷ್ಟು ಮಾಡಿ, "ತಪ್ಪಾತ್ರಿ ಮಹಾರಾಜರ, ಫ್ಲೆಕ್ಸ್ ಈಗಾ ತಗಸ್ತೇನ್ರಿ" ಎಂದೆ. ಕಾಕೂ ಸೆರಗು ಬಾಯಿಗೆ ತುರುಕಿಕೊಂಡಳು. ಅಭಿನಂದನ ತಡೆಯಲು ನೋಡಿದ, ಮೂಗಿನಿಂದ ಸಿಡಿಯಿತು. ನನಗೂ ತಡೆಯಲಿಲ್ಲ. ಆದರೆ ನಾವೆಲ್ಲ ನಕ್ಕದ್ದು ಸೇರಿದರೂ ಅವನ ಪಾಲಿಗೆ ಸಾಲುತ್ತಿರಲಿಲ್ಲ. ನಾನು ಮೋಸ ಮಾಡಲು ಹೊರಟಿದ್ದು ಯಾರಿಗೋ ಆ ಧರಣೇಂದ್ರ ಕಾಕಾ, ಗಂಟಿದ್ದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೆಮ್ಮುತ್ತ, ಕಣ್ಣೀರು ಒರೆಸಿಕೊಳ್ಳುತ್ತ, ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ಅಣ್ಣನಿಗೂ ರಸ್ತೆಯ ಮೇಲಿನ ಮಂದಿಗೂ ಕೇಳುವ ಹಾಗೆ, ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದ.